ಗೆಟ್ಟಿಸ್‌ಬರ್ಗೋ ವಿಕ್ಸ್‌ಬರ್ಗೋ: ಅಮೆರಿಕದ ಅಂತರ್ಯುದ್ಧದ ದಿಕ್ಕು ತಿರುಗಿಸಿದ ಕದನ ಯಾವುದು?

ಪ್ರಶ್ನಾರ್ಥಕ:
ಅಮೆರಿಕದ ಅಂತರ್ಯುದ್ಧದ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು ಕಾಣುತ್ತದೆ. 1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ ನಡೆದ ಕದನವೇ ನಿರ್ಣಾಯಕ, ಅಲ್ಲಿಗೆ ಒಕ್ಕೂಟ ಬಿಟ್ಟುಹೋಗಿದ್ದ ದಕ್ಷಿಣದ ರಾಜ್ಯಗಳ ಕಥೆ ಮುಗಿಯಿತು. ಪರೀಕ್ಷೆಯ ಗೈಡುಗಳಲ್ಲೂ ಇದೇ ಸಾಲು. ಆದರೆ ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾದದ್ದು 1865ರ ಏಪ್ರಿಲ್ 9ರಂದು. ನಡುವೆ 21 ತಿಂಗಳು ಹೆಣಗಳು ಬೀಳುತ್ತಲೇ ಇದ್ದವು. ಎಲ್ಲವೂ ಜುಲೈ 3ಕ್ಕೇ ತೀರ್ಮಾನವಾಗಿದ್ದರೆ ಉಳಿದ ಯುದ್ಧ ಯಾತಕ್ಕೆ ನಡೆಯಿತು? ಗೆಟ್ಟಿಸ್‌ಬರ್ಗ್ ಮುಗಿದ ಮರುದಿನವೇ ಮಿಸಿಸಿಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಶರಣಾಯಿತು. ಅದರ ಹೆಸರನ್ನು ನಮ್ಮಲ್ಲಿ ಯಾರೂ ಎತ್ತುವುದೇ ಇಲ್ಲ. ಲಿಂಕನ್ ಅಲ್ಲಿ ಭಾಷಣ ಮಾಡಿದರು ಎಂಬ ಒಂದೇ ಕಾರಣಕ್ಕೆ ಗೆಟ್ಟಿಸ್‌ಬರ್ಗ್‌ಗೆ ಇಷ್ಟು ದೊಡ್ಡ ಹೆಸರು ಬಂತೇ? ಓದಿಕೊಂಡವರು ದಯವಿಟ್ಟು ಹೇಳಿ.

ಹಳೇ ಮೇಷ್ಟ್ರು:
ಭಾಷಣದಿಂದ ಹೆಸರು ಬಂತು ಎನ್ನುವುದು ಅರ್ಧ ನಿಜ. ಭಾಷಣ ನಡೆದದ್ದು ನವೆಂಬರ್ 19ಕ್ಕೆ, ಕದನ ಮುಗಿದು ನಾಲ್ಕೂವರೆ ತಿಂಗಳ ಮೇಲೆ. ಕದನದ ತೂಕ ಅದಕ್ಕೆ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು.

1862ರ ಡಿಸೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗ್, 1863ರ ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್, ಎರಡರಲ್ಲೂ ಲೀ ತನಗಿಂತ ದೊಡ್ಡ ಸೈನ್ಯವನ್ನು ಸೋಲಿಸಿದ್ದ. ಅವನನ್ನು ಸೋಲಿಸಲು ಆಗುವುದಿಲ್ಲ ಎಂಬ ಭಾವನೆ ಉತ್ತರದ ಸೈನಿಕರಲ್ಲೇ ಬೇರೂರಿತ್ತು. ಆ ಧೈರ್ಯದಲ್ಲಿ ಅವನು ಸುಮಾರು 75,000 ಜನರೊಂದಿಗೆ ಉತ್ತರದ ನೆಲಕ್ಕೇ ನುಗ್ಗಿದ. ವರ್ಜೀನಿಯಾದ ರೈತರಿಗೆ ಒಂದು ಹಂಗಾಮು ಬಿಡುವು ಸಿಗಲಿ, ಪೆನ್ಸಿಲ್ವೇನಿಯಾದ ದವಸಧಾನ್ಯ ತನ್ನ ಸೈನ್ಯಕ್ಕೆ ಸಿಗಲಿ, ಉತ್ತರದಲ್ಲಿ ಸಂಧಿ ಬೇಕು ಎನ್ನುವವರ ಕೈ ಬಲವಾಗಲಿ ಎಂಬುದು ಲೆಕ್ಕ. ಮೂರು ದಿನಗಳಲ್ಲಿ ಅವನು ಸೈನ್ಯದ ಮೂರನೆಯ ಒಂದು ಪಾಲನ್ನು ಕಳೆದುಕೊಂಡ. ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಯಾದವರು, ಕಾಣೆಯಾದವರು ಸುಮಾರು 51,000. ಉತ್ತರ ಆ ನಷ್ಟವನ್ನು ತುಂಬಿಕೊಂಡಿತು, ದಕ್ಷಿಣಕ್ಕೆ ತುಂಬಿಕೊಳ್ಳಲು ಆಗಲಿಲ್ಲ. ಆಮೇಲೆ ಲೀ ತನ್ನ ಪೂರ್ತಿ ಸೈನ್ಯದೊಂದಿಗೆ ಉತ್ತರಕ್ಕೆ ಮತ್ತೆ ಕಾಲಿಡಲೇ ಇಲ್ಲ. ಇದನ್ನು ನಿರ್ಣಾಯಕ ಎನ್ನದೆ ಏನೆನ್ನುವುದು?

ನಕ್ಷೆಪ್ರಿಯ:
ಮೇಷ್ಟ್ರೇ, ಗೌರವದಿಂದಲೇ ಒಪ್ಪುವುದಿಲ್ಲ. ಲೀ ಸೋತ, ಆದರೆ ಸೈನ್ಯ ಕಟ್ಟಿಕೊಂಡು ಮನೆಗೆ ಹೋದ. ವಿಕ್ಸ್‌ಬರ್ಗ್‌ನಲ್ಲಿ ದಕ್ಷಿಣದ ಸೇನಾನಿ ಜಾನ್ ಪೆಂಬರ್ಟನ್ ಇಡೀ ಸೈನ್ಯವನ್ನೇ ಒಪ್ಪಿಸಿದ: ಸುಮಾರು 29,500 ಜನ, 172 ಫಿರಂಗಿಗಳು, ಹತ್ತಿರಹತ್ತಿರ 60,000 ಬಂದೂಕುಗಳು.

ನಕ್ಷೆ ತೆರೆದು ನೋಡಿ. ವಿಕ್ಸ್‌ಬರ್ಗ್ ಎದುರಿಗೆ ನದಿ ಚೂಪಾಗಿ ತಿರುಗಿ ಹಿಂದಕ್ಕೆ ಹರಿಯುತ್ತಿತ್ತು. ಊರು ಎತ್ತರದ ಗುಡ್ಡಗಳ ಮೇಲೆ. ಕೆಳಗೆ ತಿರುವಿನಲ್ಲಿ ನಿಧಾನವಾಗುವ ಪ್ರತಿಯೊಂದು ಹಡಗೂ ಮೇಲಿನ ಫಿರಂಗಿಗಳಿಗೆ ಸಿಗುತ್ತಿತ್ತು. ಉತ್ತರದ ಸೇನಾನಿ ಯುಲಿಸಿಸ್ ಗ್ರಾಂಟ್ ಚಳಿಗಾಲವಿಡೀ ಕಾಲುವೆ ತೋಡಿಸಿದ, ಜೌಗಿನಲ್ಲಿ ದಾರಿ ಹುಡುಕಿಸಿದ. ಯಾವುದೂ ಕೈಗೂಡಲಿಲ್ಲ. ಕೊನೆಗೆ ಏಪ್ರಿಲ್ 16ರ ರಾತ್ರಿ ಉತ್ತರದ ನೌಕಾಪಡೆಯ ಪೋರ್ಟರ್‌ನ ಹಡಗುಗಳು ಗುಂಡಿನ ಮಳೆಯ ನಡುವೆಯೇ ಊರನ್ನು ದಾಟಿ ಕೆಳಗಿಳಿದವು. ಸೈನ್ಯ ಪಶ್ಚಿಮದ ದಂಡೆಯಲ್ಲಿ ನಡೆದು ಬಂದು ಏಪ್ರಿಲ್ 30ರಂದು ಬ್ರೂಯಿನ್ಸ್‌ಬರ್ಗ್ ಎಂಬಲ್ಲಿ ನದಿ ದಾಟಿತು.

ಆ ಜಾಗ ಹೇಳಿಕೊಟ್ಟವನು ಯಾರು ಗೊತ್ತೇ? ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಒಬ್ಬ ಕಪ್ಪು ಮನುಷ್ಯ. ಅಲ್ಲಿ ಇಳಿದರೆ ಒಳನಾಡಿಗೆ ಒಳ್ಳೆಯ ರಸ್ತೆ ಇದೆ ಎಂದು ಅವನು ಹೇಳಿದ. ಗ್ರಾಂಟ್ ನಂಬಿದ, ಗೆದ್ದ. ಅವನ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಮುಂದೆ ಮೇ 1ರಿಂದ 17ರೊಳಗೆ ಐದು ಕದನಗಳು: ಪೋರ್ಟ್ ಗಿಬ್ಸನ್, ರೇಮಂಡ್, ಜ್ಯಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್ ನದಿಯ ಸೇತುವೆ. ಐದರಲ್ಲೂ ಗ್ರಾಂಟ್ ಗೆದ್ದ. ಊರು ಬಿದ್ದದ್ದು ಜುಲೈ 4ಕ್ಕೆ. ಆದರೆ ಅದರ ಹಣೆಬರಹ ಮೇ 16ರಂದು ಚಾಂಪಿಯನ್ ಹಿಲ್‌ನಲ್ಲೇ ಬರೆದಾಗಿತ್ತು. ನಿರ್ಣಾಯಕ ಕದನ ಯಾವುದು ಎಂದು ಒಂದೇ ಹೆಸರು ಕೇಳಿದರೆ ನನ್ನ ಉತ್ತರ ಚಾಂಪಿಯನ್ ಹಿಲ್.

ಕಪ್ಪುನೆಲ:
ನಕ್ಷೆಪ್ರಿಯರಿಗೆ ನನ್ನ ಮತ. ನದಿಯ ಪಶ್ಚಿಮದ ಟೆಕ್ಸಾಸ್, ಅರ್ಕಾನ್ಸಾ, ಲೂಸಿಯಾನಾದ ಬಹುಭಾಗ ಎಲ್ಲವೂ ಒಂದೇ ಏಟಿಗೆ ದಕ್ಷಿಣದಿಂದ ಕಡಿದುಹೋದವು.

ಹಳೇ ಮೇಷ್ಟ್ರು:
ಕಡಿದುಹೋದವು, ನಿಜ. ಆದರೆ ಉತ್ತರದ ಹಡಗುಗಳು 1862ರಿಂದಲೇ ನದಿಯ ಬಹುಪಾಲನ್ನು ಹಿಡಿದಿದ್ದವು. ನ್ಯೂ ಆರ್ಲಿಯನ್ಸ್ ಬಿದ್ದದ್ದು 1862ರ ಏಪ್ರಿಲಿನಲ್ಲಿ, ಮೆಂಫಿಸ್ ಜೂನಿನಲ್ಲಿ. ಪಶ್ಚಿಮದಿಂದ ಬರುತ್ತಿದ್ದ ದನ, ಧಾನ್ಯ ಆಗಲೇ ಇಳಿಮುಖವಾಗಿತ್ತು. ವರ್ಜೀನಿಯಾದಲ್ಲಿ ಲೀ ಗೆದ್ದು ವಾಷಿಂಗ್ಟನ್ ನಡುಗಿದ್ದರೆ ಗ್ರಾಂಟ್ ನದಿಯನ್ನು ಇಟ್ಟುಕೊಂಡು ಏನು ಮಾಡುತ್ತಿದ್ದ?

ಮಾಜಿ ಸೈನಿಕ:
ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಫಿರಂಗಿ ದಳದಲ್ಲಿ ಇದ್ದವನು ನಾನು. ಮೂರನೆಯ ದಿನದ ಬಗ್ಗೆ ಹೇಳಲೇಬೇಕು.

ಜುಲೈ 3ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ದಕ್ಷಿಣದ ಸುಮಾರು 150 ಫಿರಂಗಿಗಳು ಒಟ್ಟಿಗೆ ಬಾಯಿ ತೆರೆದವು. ಗುರಿ ಸಿಮೆಟರಿ ರಿಡ್ಜ್ ಎಂಬ ದಿಬ್ಬದ ನಡುಭಾಗ. ಸದ್ದು ಭಯಂಕರ, ಫಲ ಕಡಿಮೆ. ಬಹಳಷ್ಟು ಗುಂಡುಗಳು ಮುಂಚೂಣಿಯವರನ್ನು ದಾಟಿ ಹಿಂದೆ ಬಿದ್ದವು. ಹೊಗೆಯಲ್ಲಿ ತಮ್ಮ ಗುಂಡು ಎಲ್ಲಿ ಬೀಳುತ್ತಿದೆ ಎಂದು ನೋಡುವುದಕ್ಕೇ ಆಗುತ್ತಿರಲಿಲ್ಲ, ಫ್ಯೂಸುಗಳನ್ನೂ ನೆಚ್ಚುವಂತಿರಲಿಲ್ಲ. ಬೀಳುವ ಜಾಗ ಕಾಣದೆ ಹಾರಿಸುವುದು ಮದ್ದುಗುಂಡು ಹಾಳು ಮಾಡುವ ಕೆಲಸ.

ಉತ್ತರದ ಫಿರಂಗಿಗಳ ಮುಖ್ಯಸ್ಥ ಹೆನ್ರಿ ಹಂಟ್. ಈ ಮನುಷ್ಯನ ಹೆಸರು ಇನ್ನಷ್ಟು ಜನರಿಗೆ ಗೊತ್ತಾಗಬೇಕು. ತನ್ನ ಫಿರಂಗಿಗಳನ್ನು ಒಂದೊಂದಾಗಿ ಸುಮ್ಮನಾಗಿಸಿದ. ಎದುರಿನವರು ಇವರ ಫಿರಂಗಿಗಳು ಹಾಳಾದವು ಎಂದುಕೊಂಡರು. ಹಂಟ್ ಮಾತ್ರ ಗುಂಡುಗಳನ್ನು ಕಾಲ್ದಳ ಹೊರಡುವ ಹೊತ್ತಿಗೆ ಉಳಿಸುತ್ತಿದ್ದ. ಸುಮಾರು 12,500 ಜನ ಮುಕ್ಕಾಲು ಮೈಲಿ ಬಯಲಿನಲ್ಲಿ ನಡೆದು ಬಂದರು. ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆ ಸಿಕ್ಕರು. ದಾಳಿಯ ಮುಂದಾಳುಗಳಲ್ಲಿ ಒಬ್ಬನಾದ ಪಿಕೆಟ್‌ನ ಮೂವರು ಬ್ರಿಗೇಡ್ ದಳಪತಿಗಳಲ್ಲಿ ಗಾರ್ನೆಟ್ ಅಲ್ಲೇ ಸತ್ತ, ಆರ್ಮಿಸ್ಟೆಡ್ ಕಲ್ಲುಗೋಡೆ ದಾಟಿದ ಮೇಲೆ ಬಿದ್ದು ಎರಡು ದಿನಕ್ಕೆ ಸತ್ತ, ಕೆಂಪರ್ ಭಾರಿ ಗಾಯಗೊಂಡ.

ಶೌರ್ಯದ ಬಗ್ಗೆ ನನಗೆ ಸಂಶಯವಿಲ್ಲ. ಆ ಆಜ್ಞೆ ಕೊಟ್ಟವನ ಬುದ್ಧಿಯ ಬಗ್ಗೆ ಇದೆ. ಅವನ ಕೈಕೆಳಗಿನ ಸೇನಾನಿ ಲಾಂಗ್‌ಸ್ಟ್ರೀಟ್ ಬೇಡವೆಂದು ಹೇಳಿದರೂ ಲೀ ಕೇಳಲಿಲ್ಲ.

ತಟಸ್ಥ:
ಅದಕ್ಕೆ ಪಿಕೆಟ್‌ನ ದಾಳಿ ಎಂದು ಹೆಸರು, ಆದರೆ ನಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೆಟಿಗ್ರೂ ಮತ್ತು ಟ್ರಿಂಬಲ್ ಅವರ ಕೈಕೆಳಗಿನವರು. ಹೆಚ್ಚಿನವರು ಉತ್ತರ ಕೆರೊಲಿನಾದವರು. ವರ್ಜೀನಿಯಾದ ಪತ್ರಿಕೆಗಳು ಪಿಕೆಟ್‌ನ ಹೆಸರನ್ನೇ ಮೆರೆಸಿದವು.

ಚಹಾಪ್ರಿಯ:
ಈ ಕದನ ಶುರುವಾದದ್ದೇ ಬೂಟಿಗಾಗಿ ಎಂದು ಓದಿದ್ದೇನೆ. ಲೀಯ ಸೈನಿಕರಿಗೆ ಬೂಟುಗಳಿರಲಿಲ್ಲ, ಗೆಟ್ಟಿಸ್‌ಬರ್ಗ್‌ನಲ್ಲಿ ಬೂಟಿನ ಕಾರ್ಖಾನೆ ಇತ್ತು, ತರಲು ಹೋದಾಗ ಕದನ ಹತ್ತಿಕೊಂಡಿತು.

ನಕ್ಷೆಪ್ರಿಯ:
ಅದು ಕಟ್ಟುಕಥೆ. ಬೂಟಿನ ಕಾರ್ಖಾನೆ ಅಲ್ಲಿರಲಿಲ್ಲ. ದಕ್ಷಿಣದವರೇ ಆದ ಅರ್ಲಿಯ ಸೈನಿಕರು ಜೂನ್ 26ರಂದೇ ಆ ಊರಿನ ಮೂಲಕ ಹಾದುಹೋಗಿದ್ದರು. ಬೂಟಿದ್ದರೆ ಅಂದೇ ಎತ್ತಿಕೊಂಡು ಹೋಗುತ್ತಿದ್ದರು. ಬೂಟಿನ ಮಾತು ಹೆತ್ ಎಂಬ ಸೇನಾನಿ ಕದನ ಮುಗಿದ ಮೇಲೆ ತನ್ನ ವರದಿಯಲ್ಲಿ ಬರೆದದ್ದು. ನಿಜವಾದ ಕಾರಣ ರಸ್ತೆಗಳು. ಹತ್ತು ರಸ್ತೆಗಳು ಆ ಸಣ್ಣ ಊರಿನಲ್ಲಿ ಸೇರುತ್ತಿದ್ದವು. ಚದುರಿದ ಎರಡು ಸೈನ್ಯಗಳು ಒಂದುಗೂಡಲು ಹೊರಟರೆ ಅಲ್ಲಿ ಡಿಕ್ಕಿ ಹೊಡೆಯಲೇಬೇಕಿತ್ತು. ಲೀಯ ಕಣ್ಣಾಗಿದ್ದ ಸ್ಟುವರ್ಟ್‌ನ ಕುದುರೆ ಪಡೆ ಬಳಸುದಾರಿ ಹಿಡಿದು ಎರಡನೆಯ ದಿನದವರೆಗೆ ಬರಲೇ ಇಲ್ಲ. ಎದುರಿಗೆ ಎಷ್ಟು ಸೈನ್ಯವಿದೆ ಎಂದು ತಿಳಿಯದೆಯೇ ಲೀ ಕದನಕ್ಕೆ ಇಳಿದ.

ಪೊಟೋಮ್ಯಾಕ್ ದಂಡೆ:
ನಾನು ಮೇರಿಲ್ಯಾಂಡ್‌ನಲ್ಲಿದ್ದೇನೆ, ಊರಿನಿಂದ ನೆಂಟರು ಬಂದಾಗಲೆಲ್ಲ ಗೆಟ್ಟಿಸ್‌ಬರ್ಗ್‌ಗೆ ಕರೆದುಕೊಂಡು ಹೋಗುತ್ತೇನೆ. ಮಾಜಿ ಸೈನಿಕರು ಹೇಳಿದ ಬಯಲನ್ನು ಕಾಲಿನಲ್ಲೇ ದಾಟಬಹುದು. ಚಿತ್ರಗಳಲ್ಲಿ ಅದು ಚಪ್ಪಟೆ ಮೈದಾನದಂತೆ ಕಾಣುತ್ತದೆ, ಹಾಗಿಲ್ಲ. ನೆಲ ಉಬ್ಬಿ ಇಳಿಯುತ್ತದೆ. ಕೆಲವು ಕಡೆ ತಗ್ಗಿಗೆ ಇಳಿದಾಗ ಎದುರಿನ ದಿಬ್ಬ ಕಣ್ಮರೆಯಾಗುತ್ತದೆ, ಕ್ಷಣಕಾಲ ಸುರಕ್ಷಿತವೆನಿಸುತ್ತದೆ. ಮತ್ತೆ ಮೇಲೇರಿದರೆ ದಿಬ್ಬ ತೀರಾ ಹತ್ತಿರ ಬಂದಿರುತ್ತದೆ. ನಡುವೆ ಎಮಿಟ್ಸ್‌ಬರ್ಗ್ ರಸ್ತೆಯ ಎರಡೂ ಬದಿಗೆ ಮರದ ಬೇಲಿ. ಅದನ್ನು ಹತ್ತಿ ದಾಟಬೇಕಾದಾಗಲೇ ಗುಂಡುಗಳು ನೇರವಾಗಿ ಬಂದದ್ದು. ಕೊನೆಯಲ್ಲಿ ಸಿಗುವ ಕಲ್ಲುಗೋಡೆ ಮೊಣಕಾಲಿಗಿಂತ ಸ್ವಲ್ಪವೇ ಮೇಲಿದೆ. ಇಷ್ಟು ಗಿಡ್ಡ ಗೋಡೆಗಾಗಿಯೇ ಎಂದು ಬಂದವರೆಲ್ಲ ಕೇಳುತ್ತಾರೆ.

ಅದೇ ದಿಬ್ಬದ ಮೇಲೆ ಒಂದು ಚಿಕ್ಕ ಬಿಳಿ ಮನೆ ಇದೆ. ಏಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ರೈತನ ಮನೆ ಅದು. ಹನ್ನೆರಡು ಎಕರೆ ಹೊಲ ಅವನದು. ಲೀಯ ಸೈನ್ಯ ಬರುತ್ತಿದೆ ಎಂದು ತಿಳಿದೊಡನೆ ಸಂಸಾರದೊಂದಿಗೆ ಊರು ಬಿಟ್ಟ. ಬಿಡದೆ ಉಪಾಯವಿರಲಿಲ್ಲ. ಪೆನ್ಸಿಲ್ವೇನಿಯಾಕ್ಕೆ ನುಗ್ಗಿದ ದಕ್ಷಿಣದ ಸೈನಿಕರು ಸಿಕ್ಕ ಕಪ್ಪು ಜನರನ್ನು, ಸ್ವತಂತ್ರರಾಗಿ ಹುಟ್ಟಿದವರನ್ನೂ ಬಿಡದೆ, ಹಿಡಿದು ಕಟ್ಟಿ ದಕ್ಷಿಣಕ್ಕೆ ಮಾರಲು ಒಯ್ಯುತ್ತಿದ್ದರು. ಬ್ರಯನ್ ಹಿಂದಿರುಗಿದಾಗ ಬೆಳೆ, ಬೇಲಿ, ಮನೆ ಎಲ್ಲ ಹಾಳಾಗಿತ್ತು. ಸಾವಿರ ಡಾಲರಿಗೂ ಹೆಚ್ಚು ಪರಿಹಾರ ಕೇಳಿದ. ಕೈಗೆ ಬಂದದ್ದು 15 ಡಾಲರ್.

ಧಾರವಾಡದವಳು:
ಬ್ರಯನ್ ಬಗ್ಗೆ ಬರೆದದ್ದಕ್ಕೆ ಧನ್ಯವಾದಗಳು. ಹಾಗೆಯೇ ಎಲಿಜಬೆತ್ ಥಾರ್ನ್ ಅವರ ಹೆಸರನ್ನೂ ಸೇರಿಸುತ್ತೇನೆ. ಊರಿನ ಸ್ಮಶಾನ ನೋಡಿಕೊಳ್ಳುತ್ತಿದ್ದವನ ಹೆಂಡತಿ. ಗಂಡ ಸೈನ್ಯಕ್ಕೆ ಸೇರಿ ಬೇರೆಲ್ಲೋ ಇದ್ದ. ಆಕೆ ಆರು ತಿಂಗಳ ಗರ್ಭಿಣಿ. ಕದನ ಮುಗಿದ ಮೇಲೆ ಜುಲೈ ಬಿಸಿಲಿನಲ್ಲಿ ವಯಸ್ಸಾದ ತಂದೆಯನ್ನು ಜೊತೆಗಿಟ್ಟುಕೊಂಡು ಸುಮಾರು ನೂರು ಸೈನಿಕರಿಗೆ ಗುಂಡಿ ತೋಡಿ ಮಣ್ಣು ಮಾಡಿದಳು. ಸಹಾಯಕ್ಕೆ ಬಂದವರು ವಾಸನೆ ತಾಳಲಾರದೆ ಬಿಟ್ಟು ಹೋದರು. ಆ ಊರಿನ ಜನಸಂಖ್ಯೆ ಆಗ ಸುಮಾರು 2,400. ಎರಡೂ ಸೈನ್ಯಗಳು ಬಿಟ್ಟುಹೋದ ಗಾಯಾಳುಗಳು ಅದರ ಎಷ್ಟೋ ಪಟ್ಟು. ಸೇನಾನಿಗಳ ಪ್ರತಿಮೆಗಳನ್ನು ಎಣಿಸುವವರು ಇದನ್ನೂ ತಿಳಿದಿರಬೇಕು.

ತಟಸ್ಥ:
ಎಲ್ಲರೂ ದಕ್ಷಿಣದವರನ್ನು ಖಳನಾಯಕರಂತೆ ಬರೆಯುತ್ತಿದ್ದೀರಿ. ಅವರು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ. ಕೇಂದ್ರದ ದಬ್ಬಾಳಿಕೆಯ ಪ್ರಶ್ನೆ ಅದು. ನಮ್ಮಲ್ಲೂ ಒಕ್ಕೂಟ ವ್ಯವಸ್ಥೆಯ ಬಗ್ಗೆ ಮಾತನಾಡುವವರು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಧಾರವಾಡದವಳು:
ಒಕ್ಕೂಟದ ಪರವಾಗಿ ನಾನೂ ಮಾತನಾಡುತ್ತೇನೆ. ಅದಕ್ಕೇ ಈ ಹೋಲಿಕೆ ನನಗೆ ಸಿಟ್ಟು ತರಿಸುತ್ತದೆ. ಯಾವ ಹಕ್ಕು ಎಂದು ಅವರೇ ಬರೆದಿಟ್ಟಿದ್ದಾರೆ. ಮಿಸಿಸಿಪಿ ರಾಜ್ಯ ಒಕ್ಕೂಟ ಬಿಡುವಾಗ ಹೊರಡಿಸಿದ ಘೋಷಣೆಯಲ್ಲಿ ತಮ್ಮ ನಿಲುವು ಗುಲಾಮಗಿರಿಯೊಂದಿಗೆ ಪೂರ್ಣವಾಗಿ ಬೆಸೆದುಕೊಂಡಿದೆ ಎಂದು ಆರಂಭದಲ್ಲೇ ಹೇಳುತ್ತದೆ. ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾದಲ್ಲಿ ಮಾತನಾಡುತ್ತಾ, ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ ಎಂಬ ತತ್ತ್ವವೇ ತಮ್ಮ ಹೊಸ ಸರ್ಕಾರದ ಅಡಿಗಲ್ಲು ಎಂದ. ಇನ್ನೇನು ಬೇಕು?

ರಾಜ್ಯಗಳ ಹಕ್ಕಿನ ಮೇಲೆ ಅಷ್ಟು ಪ್ರೀತಿ ಇದ್ದವರು 1850ರಲ್ಲಿ ಏನು ಮಾಡಿದರು? ಉತ್ತರದ ರಾಜ್ಯಗಳಿಗೆ ಓಡಿಹೋದ ಗುಲಾಮರನ್ನು ಕೇಂದ್ರ ಸರ್ಕಾರವೇ ಹಿಡಿದು ಒಪ್ಪಿಸಬೇಕು ಎಂದು ಕಾನೂನು ಮಾಡಿಸಿಕೊಂಡರು. ಉತ್ತರದ ರಾಜ್ಯಗಳ ಹಕ್ಕು ಆಗ ನೆನಪಾಗಲಿಲ್ಲ. 1860ರ ಜನಗಣತಿಯಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ಆ 40 ಲಕ್ಷ ಜನರನ್ನು ಬಿಟ್ಟು ಈ ಯುದ್ಧದ ಬಗ್ಗೆ ಮಾತನಾಡಲು ನಾನು ಸಿದ್ಧಳಿಲ್ಲ. ಜ್ಯೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಪುಣೆಯಲ್ಲಿ ಕುಳಿತವರಿಗೆ ಆ ಯುದ್ಧ ಯಾತಕ್ಕೆ ನಡೆಯಿತೆಂದು ಅಂದೇ ತಿಳಿದಿತ್ತು.

ಕಪ್ಪುನೆಲ:
ಒಂದಕ್ಷರ ಬದಲಿಸುವ ಹಾಗಿಲ್ಲ.

ಚಹಾಪ್ರಿಯ:
ಗುಲಾಮಗಿರಿ ರದ್ದಾದದ್ದು ಗೆಟ್ಟಿಸ್‌ಬರ್ಗ್ ಭಾಷಣದಲ್ಲಿ ತಾನೇ?

ಹಳೇ ಮೇಷ್ಟ್ರು:
ಇಲ್ಲ. ದಂಗೆ ಎದ್ದ ಪ್ರದೇಶಗಳ ಗುಲಾಮರು ಸ್ವತಂತ್ರರು ಎಂಬ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಇಡೀ ದೇಶದಲ್ಲಿ ರದ್ದಾದದ್ದು 1865ರ ಡಿಸೆಂಬರಿನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ. ಭಾಷಣದಲ್ಲಿ ಗುಲಾಮಗಿರಿ ಎಂಬ ಪದವೇ ಬರುವುದಿಲ್ಲ. ಎರಡು ಮೂರು ನಿಮಿಷದ ಮಾತು ಅದು. ಅಂದಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಅದಕ್ಕೆ ಮೊದಲು ಎರಡು ಗಂಟೆ ಮಾತನಾಡಿದ್ದರು.

ಪೊಟೋಮ್ಯಾಕ್ ದಂಡೆ:
ಘೋಷಣೆಯ ಮಾತು ಬಂದಿದ್ದರಿಂದ ಮೂರನೆಯ ಹೆಸರನ್ನೂ ಮುಂದಿಡುತ್ತೇನೆ: ಆಂಟಿಯೆಟಮ್. 1862ರ ಸೆಪ್ಟೆಂಬರ್ 17, ಮೇರಿಲ್ಯಾಂಡ್. ಒಂದೇ ದಿನದಲ್ಲಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಕದನಕ್ಕೆ ಮೊದಲು ಲೀಯ ಇಡೀ ಯೋಜನೆ ಬರೆದಿದ್ದ ಕಾಗದ ಮೂರು ಚುಟ್ಟಾಗಳಿಗೆ ಸುತ್ತಿಕೊಂಡು ಹೊಲದಲ್ಲಿ ಬಿದ್ದಿತ್ತು, ಉತ್ತರದ ಸೈನಿಕರ ಕೈಗೆ ಸಿಕ್ಕಿತು. ಅಷ್ಟಾದರೂ ಉತ್ತರದ ಸೇನಾನಿ ಮೆಕ್ಲೆಲನ್ ಲೀಯನ್ನು ಮುಗಿಸಲಿಲ್ಲ. ಕದನ ಹೆಚ್ಚುಕಡಿಮೆ ಸಮಬಲದಲ್ಲೇ ನಿಂತಿತು, ಆದರೆ ಹಿಮ್ಮೆಟ್ಟಿದ್ದು ಲೀ.

ಲಿಂಕನ್‌ಗೆ ಅಷ್ಟು ಸಾಕಾಯಿತು. ಐದು ದಿನಕ್ಕೆ, ಸೆಪ್ಟೆಂಬರ್ 22ಕ್ಕೆ, ಬಿಡುಗಡೆಯ ಮೊದಲ ಘೋಷಣೆ ಹೊರಬಿತ್ತು. ಆ ಬೇಸಿಗೆಯಲ್ಲಿ ಬ್ರಿಟಿಷ್ ಸಚಿವರು ನಡುವೆ ಬಂದು ಸಂಧಿ ಮಾಡಿಸುವ ಬಗ್ಗೆ ಗಂಭೀರವಾಗಿ ಯೋಚಿಸುತ್ತಿದ್ದರು. ಗುಲಾಮಗಿರಿಯ ಪರ ನಿಂತಂತೆ ಕಾಣುವುದು ಆಮೇಲೆ ಅವರಿಗೆ ಕಷ್ಟವಾಯಿತು. ಲಂಡನ್ ದಕ್ಷಿಣಕ್ಕೆ ಮಾನ್ಯತೆ ಕೊಟ್ಟಿದ್ದರೆ ಗೆಟ್ಟಿಸ್‌ಬರ್ಗ್ ನಡೆಯುತ್ತಲೇ ಇರಲಿಲ್ಲವೇನೋ.

ಕಡಲತೀರ:
ಬ್ರಿಟನ್ ವಿಷಯ ಬಂದರೆ ಹತ್ತಿಯ ವಿಷಯ ಬರಲೇಬೇಕು, ಹತ್ತಿ ಬಂದರೆ ನಮ್ಮ ಕುಮಟಾ ಬರಲೇಬೇಕು. ಯಾರಾದರೂ ಬರೆಯುತ್ತೀರೇನೋ ಎಂದು ಕಾಯುತ್ತಿದ್ದೆ.

ಯುದ್ಧಕ್ಕೆ ಮೊದಲು ಲ್ಯಾಂಕಾಷೈರ್ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದಿಂದ ಬರುತ್ತಿತ್ತು. 1861ರ ಏಪ್ರಿಲಿನಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಹತ್ತಿ ಕೊಡದಿದ್ದರೆ ಬ್ರಿಟನ್ ತಾನಾಗಿ ತಮ್ಮ ಕಡೆ ಬರುತ್ತದೆ ಎಂದು ದಕ್ಷಿಣದವರೂ ಮೊದಲು ತಾವೇ ಹತ್ತಿಯನ್ನು ತಡೆದರು. ಅಲ್ಲಿ ಗಿರಣಿಗಳು ಮುಚ್ಚಿದವು, ಇಲ್ಲಿ ಧಾರವಾಡ, ಗದಗ, ಹುಬ್ಬಳ್ಳಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಚಕ್ಕಡಿಗಳ ಸಾಲು ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ, ಆದರೂ ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಧಾರವಾಡ ಸೀಮೆಯ ಜವಾರಿ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನಿಂದ ಹತ್ತಿ ಸಾಗಿಸುವ ಆಸೆ ಇತ್ತು.

ಧಾರವಾಡದವಳು:
ಕಡಲತೀರ ಅವರೇ, ಇನ್ನೊಂದು ಕೊಂಡಿ ಇದೆ. ಧಾರವಾಡ ಸೀಮೆಯಲ್ಲಿ ಜವಾರಿ ಹತ್ತಿಯ ಜೊತೆಗೆ ಅಮೆರಿಕನ್ ಹತ್ತಿಯೂ ಬೆಳೆಯುತ್ತಿತ್ತು. ನ್ಯೂ ಆರ್ಲಿಯನ್ಸ್ ತಳಿಯ ಬೀಜ 1840ರ ದಶಕದಲ್ಲೇ ಇಲ್ಲಿನ ಎರೆಮಣ್ಣಿಗೆ ಹೊಂದಿಕೊಂಡಿತ್ತು. ಭಾರತದ ಹತ್ತಿಯೆಂದರೆ ಎಳೆ ಗಿಡ್ಡ, ಕಸ ಹೆಚ್ಚು ಎಂದು ಲ್ಯಾಂಕಾಷೈರ್ ಕಾರ್ಮಿಕರು ಬೈದುಕೊಳ್ಳುತ್ತಿದ್ದಾಗ ಧಾರವಾಡ ಅಮೆರಿಕನ್ ಹತ್ತಿಗೆ ಒಳ್ಳೆಯ ಹೆಸರಿತ್ತು. ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಅದನ್ನು ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ, ಇದೇ ಗೆಟ್ಟಿಸ್‌ಬರ್ಗ್ ವರ್ಷದಲ್ಲಿ, ಕಾನೂನು ಮಾಡಿತು.

ಆಮೇಲಿನ ಕಥೆ ನೋವಿನದು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದೊಡನೆ ಬೆಲೆ ಕುಸಿಯಿತು. ಮುಂಬಯಿಯ ಷೇರು ಪೇಟೆ ಮುರಿದುಬಿತ್ತು, ಬ್ಯಾಂಕುಗಳು ಮುಳುಗಿದವು. ಏರಿದ ಬೆಲೆಯ ಮೇಲೆ ಸಾಲ ಎತ್ತಿದ್ದ ರೈತನ ಸಾಲ ಮಾತ್ರ ಇಳಿಯಲಿಲ್ಲ. ಲೀ ಶರಣಾದದ್ದು ನಮ್ಮ ಸೀಮೆಯ ಹೊಲಗಳಿಗೂ ತಟ್ಟಿತು.

ಪ್ರಶ್ನಾರ್ಥಕ:
ಇದು ನನಗೆ ಹೊಸ ವಿಷಯ. ಹಾಗಾದರೆ ಜುಲೈ 1863ರ ಸುದ್ದಿ ಮುಂಬಯಿಗೆ ಯಾವಾಗ ಮುಟ್ಟಿತು? ಮಾರುಕಟ್ಟೆಯವರು ಯಾವುದನ್ನು ದೊಡ್ಡ ಸುದ್ದಿ ಎಂದುಕೊಂಡರು, ಗೆಟ್ಟಿಸ್‌ಬರ್ಗೋ ವಿಕ್ಸ್‌ಬರ್ಗೋ? ದುಡ್ಡು ಹಾಕಿದವರ ಲೆಕ್ಕ ಸುಳ್ಳು ಹೇಳುವುದಿಲ್ಲ.

ನಕ್ಷೆಪ್ರಿಯ:
ಆಗ ಅಟ್ಲಾಂಟಿಕ್ ತಂತಿ ಕೆಲಸ ಮಾಡುತ್ತಿರಲಿಲ್ಲ, ಅದು ಗಟ್ಟಿಯಾಗಿ ನಿಂತದ್ದು 1866ರಲ್ಲಿ. ಭಾರತ ಮತ್ತು ಯೂರೋಪಿನ ನಡುವಿನ ತಂತಿ 1865ರಲ್ಲಿ. ಹಾಗಾಗಿ ಸುದ್ದಿ ಮೊದಲು ಹಡಗಿನಲ್ಲಿ ಇಂಗ್ಲೆಂಡಿಗೆ, ಅಲ್ಲಿಂದ ಟಪಾಲಿನಲ್ಲಿ ಇಲ್ಲಿಗೆ, ವಾರಗಟ್ಟಲೆ ತಡವಾಗಿ.

ಲಂಡನ್ನಿನ ಲೆಕ್ಕ ಗೊತ್ತಿದೆ. ದಕ್ಷಿಣದ ಸರ್ಕಾರ 1863ರ ಮಾರ್ಚ್‌ನಲ್ಲಿ ಎರ್ಲಾಂಗರ್ ಎಂಬ ಸಂಸ್ಥೆಯ ಮೂಲಕ ಹತ್ತಿಯನ್ನು ಆಧಾರವಾಗಿಟ್ಟು ಯೂರೋಪಿನಲ್ಲಿ ಸಾಲಪತ್ರಗಳನ್ನು ಮಾರಿತ್ತು. ಎರಡೂ ಸೋಲುಗಳ ಸುದ್ದಿ ಮುಟ್ಟಿದ ಮೇಲೆ ಅವುಗಳ ಬೆಲೆ ದಡಕ್ಕನೆ ಬಿತ್ತು. ಎರಡೂ ಸುದ್ದಿಗಳು ಬೆನ್ನಿಗೇ ಬಂದದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಕಷ್ಟ. ಆದರೆ ಹತ್ತಿಯ ಸಾಲಕ್ಕೆ ನದಿಯ ಕಣಿವೆಯೇ ಆಧಾರ. ಹತ್ತಿ ಬೆಳೆಯುವುದು ಮಿಸಿಸಿಪಿಯಲ್ಲಿ, ಪೆನ್ಸಿಲ್ವೇನಿಯಾದಲ್ಲಲ್ಲ.

ಮಾಜಿ ಸೈನಿಕ:
ಹತ್ತಿಯಿಂದ ಮತ್ತೆ ಕದನಕ್ಕೆ ಬರೋಣ. ಎರಡನೆಯ ದಿನದ ಬಗ್ಗೆ ಎಲ್ಲರೂ ಲಿಟಲ್ ರೌಂಡ್ ಟಾಪ್ ಗುಡ್ಡವನ್ನೇ ಹೊಗಳುತ್ತಾರೆ. 20ನೇ ಮೈನ್ ರೆಜಿಮೆಂಟು, ಚೇಂಬರ್‌ಲೇನ್, ಗುಂಡು ಮುಗಿದ ಮೇಲೆ ಬಯೊನೆಟ್ ಹಿಡಿದು ಇಳಿದದ್ದು. ಸಂತೋಷ, ಅದು ದೊಡ್ಡ ಕೆಲಸವೇ. ಆದರೆ ಇನ್ನೊಂದು ತುದಿಯಲ್ಲಿ ಕಲ್ಪ್ಸ್ ಹಿಲ್ ಗುಡ್ಡವನ್ನು ಒಂದೇ ಬ್ರಿಗೇಡಿನಿಂದ ಉಳಿಸಿಕೊಂಡ ಜಾರ್ಜ್ ಗ್ರೀನ್ ಯಾರಿಗೆ ನೆನಪಿದ್ದಾನೆ? 62 ವರ್ಷದ ಮುದುಕ, ವೃತ್ತಿಯಲ್ಲಿ ಸಿವಿಲ್ ಇಂಜಿನಿಯರ್. ಮೇಲಿನವನಿಗೆ ಅಷ್ಟಾಗಿ ಮನಸ್ಸಿಲ್ಲದಿದ್ದರೂ ತನ್ನ ಜನರಿಂದ ಮರ ಕಡಿಸಿ, ಮಣ್ಣು ಏರಿಸಿ ತಡೆಗೋಡೆ ಕಟ್ಟಿಸಿದ. ಸಂಜೆ ಉಳಿದ ದಳಗಳನ್ನು ಬೇರೆಡೆಗೆ ಕಳಿಸಿದಾಗ ಮೂರು ಪಟ್ಟು ಶತ್ರುಗಳು ಏರಿ ಬಂದರು. ತಡೆಗೋಡೆ ಇದ್ದುದರಿಂದ ತಡೆದ. ಆ ಗುಡ್ಡ ಹೋಗಿದ್ದರೆ ಬಾಲ್ಟಿಮೋರ್ ರಸ್ತೆ ಹೋಗುತ್ತಿತ್ತು, ರಸ್ತೆ ಹೋಗಿದ್ದರೆ ಇಡೀ ಸೈನ್ಯದ ಸರಬರಾಜು ಹೋಗುತ್ತಿತ್ತು.

ಕಪ್ಪುನೆಲ:
ಗೆದ್ದ ಮೇಲೆ ಉತ್ತರದ ಸೈನ್ಯದ ಮುಖ್ಯಸ್ಥ ಜಾರ್ಜ್ ಮೀಡ್ ಸುಮ್ಮನೆ ಕುಳಿತದ್ದನ್ನೂ ಹೇಳಿ. ಜುಲೈ 4ರಂದು ಮಳೆ ಹಿಡಿಯಿತು. ಪೊಟೋಮ್ಯಾಕ್ ನದಿ ಉಕ್ಕಿತು. ಲೀ ಕಟ್ಟಿಸಿದ್ದ ತೇಲು ಸೇತುವೆಯನ್ನು ಉತ್ತರದ ಕುದುರೆ ಪಡೆ ಆಗಲೇ ನಾಶ ಮಾಡಿತ್ತು. ಸುಮಾರು ಒಂದು ವಾರ ಲೀ ನದಿಗೆ ಬೆನ್ನು ಕೊಟ್ಟು ಸಿಕ್ಕಿಬಿದ್ದಿದ್ದ. ಮೀಡ್ ಹೊಡೆಯಲಿಲ್ಲ. 13ರ ರಾತ್ರಿ ಲೀ ದಾಟಿಕೊಂಡ. ಲಿಂಕನ್ ಮರುದಿನ ಮೀಡ್‌ಗೆ ಕಟುವಾದ ಪತ್ರ ಬರೆದು ಕಳಿಸದೆ ಎತ್ತಿಟ್ಟರು. ಆ ಒಂದು ವಾರ ಬಳಸಿಕೊಂಡಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ.

ಮಾಜಿ ಸೈನಿಕ:
ಕುರ್ಚಿಯಲ್ಲಿ ಕುಳಿತು ಹೇಳುವುದು ಸುಲಭ. ಮೀಡ್ ಸೈನ್ಯದ ಹೊಣೆ ಹೊತ್ತದ್ದು ಜೂನ್ 28ಕ್ಕೆ, ಕದನಕ್ಕೆ ಮೂರೇ ದಿನ ಮೊದಲು. ಮೂರು ದಿನದಲ್ಲಿ 23,000 ಜನ ಕೈತಪ್ಪಿದರು. ಅವನ ಕೋರ್ ದಳಪತಿಗಳಲ್ಲಿ ರೆನಾಲ್ಡ್ಸ್ ಸತ್ತ, ಸಿಕಲ್ಸ್ ಕಾಲು ಕಳೆದುಕೊಂಡ, ಹ್ಯಾನ್‌ಕಾಕ್ ಗಾಯಗೊಂಡು ಮಲಗಿದ್ದ. ನದಿಯ ದಂಡೆಯಲ್ಲಿ ಲೀ ಕಂದಕ ತೋಡಿಸಿ ಕುಳಿತಿದ್ದ. ಹತ್ತು ದಿನ ಸರಿಯಾಗಿ ಊಟ, ನಿದ್ದೆ ಇಲ್ಲದ ಜನರನ್ನು ಅದರ ಮೇಲೆ ಎಸೆದಿದ್ದರೆ ಪಿಕೆಟ್‌ನ ಗತಿಯೇ ಆಗುತ್ತಿತ್ತು. ಜುಲೈ 12ರಂದು ಅವನ ದಳಪತಿಗಳಲ್ಲಿ ಹೆಚ್ಚಿನವರು ದಾಳಿ ಬೇಡ ಎಂದೇ ಮತ ಕೊಟ್ಟರು.

ಕಪ್ಪುನೆಲ:
ದಳಪತಿಗಳ ಮತ ಕೇಳಿ ಯುದ್ಧ ಮಾಡುವವನು ಗ್ರಾಂಟ್ ಆಗುವುದಿಲ್ಲ. ಅದಕ್ಕೇ 1864ರಲ್ಲಿ ಲಿಂಕನ್ ಗ್ರಾಂಟ್‌ನನ್ನು ಎಲ್ಲ ಸೈನ್ಯಗಳ ಮೇಲೆ ತಂದು ಕೂರಿಸಿದರು. ವಿಕ್ಸ್‌ಬರ್ಗ್ ಕೊಟ್ಟ ದೊಡ್ಡ ಫಲ ಆ ಮನುಷ್ಯನೇ.

ತಟಸ್ಥ:
ದಕ್ಷಿಣದ ಜಾರ್ಜಿಯಾದ ಅಟ್ಲಾಂಟಾ ನಗರವನ್ನು ಎಲ್ಲರೂ ಮರೆತಿದ್ದೀರಿ. 1864ರ ಆಗಸ್ಟ್ 23ರಂದು ಲಿಂಕನ್ ತಾನು ಚುನಾವಣೆ ಸೋಲುವುದು ಬಹುಮಟ್ಟಿಗೆ ಖಚಿತ ಎಂದು ಬರೆದು, ಓದಲು ಕೊಡದೆ ಸಚಿವರಿಂದ ಕಾಗದದ ಹಿಂಬದಿಗೆ ಸಹಿ ಹಾಕಿಸಿದ್ದರು. ಅದು ಗೆಟ್ಟಿಸ್‌ಬರ್ಗ್ ಮತ್ತು ವಿಕ್ಸ್‌ಬರ್ಗ್ ಎರಡೂ ಮುಗಿದು ವರ್ಷದ ಮೇಲೆ! ಸೆಪ್ಟೆಂಬರ್ 2ಕ್ಕೆ ಉತ್ತರದ ಸೇನಾನಿ ಶೆರ್ಮನ್ ಅಟ್ಲಾಂಟಾ ಹಿಡಿದ. ನವೆಂಬರಿನಲ್ಲಿ ಲಿಂಕನ್‌ಗೆ 212 ಎಲೆಕ್ಟೋರಲ್ ಮತಗಳು, ಚುನಾವಣೆಯಲ್ಲಿ ಎದುರಾಳಿಯಾಗಿದ್ದ ಅದೇ ಮೆಕ್ಲೆಲನ್‌ಗೆ 21. ಅಟ್ಲಾಂಟಾ ಸಿಗದಿದ್ದರೆ ಮೊದಲಿನ ಗೆಲುವುಗಳೆಲ್ಲ ಸಂಧಿಯ ಮೇಜಿನ ಮೇಲೆ ಕರಗಿಹೋಗುತ್ತಿದ್ದವು.

ಧಾರವಾಡದವಳು:
ಇದು ಗಟ್ಟಿ ಮಾತು, ಈ ವಿಷಯದಲ್ಲಿ ತಟಸ್ಥರ ಜೊತೆಗಿದ್ದೇನೆ. ಆದರೆ ಆ ಪಟ್ಟಿಗೆ ಕಪ್ಪು ಸೈನಿಕರನ್ನು ಸೇರಿಸದೆ ಬಿಡುವುದಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಸೈನ್ಯದಲ್ಲಿ ಸುಮಾರು 1,80,000 ಕಪ್ಪು ಜನ ಸೇವೆ ಸಲ್ಲಿಸಿದ್ದರು. 1863ರ ಜೂನ್ 7ರಂದು, ವಿಕ್ಸ್‌ಬರ್ಗ್ ಮುತ್ತಿಗೆ ನಡೆಯುತ್ತಿದ್ದಾಗಲೇ, ನದಿಯ ಆಚೆ ದಂಡೆಯ ಮಿಲಿಕೆನ್ಸ್ ಬೆಂಡ್‌ನಲ್ಲಿ ತರಬೇತಿಯೂ ಸರಿಯಾಗಿ ಮುಗಿಯದ ಕಪ್ಪು ದಳಗಳು ಕೈಗೆ ಕೈ ಹತ್ತಿ ಹೋರಾಡಿದವು. ಕೆಲವೇ ವಾರಗಳ ಹಿಂದೆ ಅವರು ಅದೇ ಸೀಮೆಯ ಹತ್ತಿ ತೋಟಗಳಲ್ಲಿ ಗುಲಾಮರಾಗಿದ್ದರು. ಜುಲೈ 18ರಂದು ಫೋರ್ಟ್ ವ್ಯಾಗ್ನರ್ ಮೇಲೆ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟು ಏರಿಹೋಯಿತು. ಕೋಟೆ ಸಿಗಲಿಲ್ಲ, ಆದರೆ ಕಪ್ಪು ಜನ ಕಾದಾಡುವುದಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿತು.

ಪ್ರಶ್ನಾರ್ಥಕ:
ಒಂದು ಸಣ್ಣ ಪ್ರಶ್ನೆ ಉಳಿದಿದೆ. ವಿಕ್ಸ್‌ಬರ್ಗ್ ಬಿದ್ದ ದಿನವೇ ನದಿ ಪೂರ್ತಿ ತೆರೆಯಿತೇ?

ನಕ್ಷೆಪ್ರಿಯ:
ಇಲ್ಲ, ಕೆಳಗೆ ಪೋರ್ಟ್ ಹಡ್ಸನ್ ಇನ್ನೂ ದಕ್ಷಿಣದವರ ಕೈಯಲ್ಲಿತ್ತು. ಮೇ 27ರಂದು ಲೂಸಿಯಾನಾದ ಕಪ್ಪು ರೆಜಿಮೆಂಟುಗಳು ಅದರ ಮೇಲೂ ಏರಿಹೋಗಿದ್ದವು. ವಿಕ್ಸ್‌ಬರ್ಗ್ ಹೋದ ಸುದ್ದಿ ಮುಟ್ಟಿದ ಮೇಲೆ ಹಿಡಿದುಕೊಂಡು ಫಲವಿಲ್ಲವೆಂದು ಜುಲೈ 9ರಂದು ಅದೂ ಶರಣಾಯಿತು. ಸೇಂಟ್ ಲೂಯಿಸ್‌ನಿಂದ ಹೊರಟ ಇಂಪೀರಿಯಲ್ ಎಂಬ ಹಡಗು ಯಾರೂ ತಡೆಯದೆ ಜುಲೈ 16ರಂದು ನ್ಯೂ ಆರ್ಲಿಯನ್ಸ್ ತಲುಪಿತು. ಮೇಷ್ಟ್ರು ಈಗ ಏನು ಹೇಳುತ್ತಾರೆ ನೋಡೋಣ.

ಹಳೇ ಮೇಷ್ಟ್ರು:
ಹಡಗು ತಲುಪಿತು, ಒಳ್ಳೆಯದಾಯಿತು. ನನ್ನ ಮಾತು ಬದಲಾಗುವುದಿಲ್ಲ. 1864ರ ಮೇ ತಿಂಗಳಲ್ಲಿ ನಿಮ್ಮ ಗ್ರಾಂಟೇ ವರ್ಜೀನಿಯಾಕ್ಕೆ ಬಂದ. ವೈಲ್ಡರ್‌ನೆಸ್, ಸ್ಪಾಟ್ಸಿಲ್ವೇನಿಯಾ, ಕೋಲ್ಡ್ ಹಾರ್ಬರ್ ಕದನಗಳು. ಏಳು ವಾರ ತುಂಬುವುದರೊಳಗೆ ಅವನು ಸುಮಾರು 55,000 ಜನರನ್ನು ಕಳೆದುಕೊಂಡ. ಎದುರಿಗೆ ಇದ್ದದ್ದು ಗೆಟ್ಟಿಸ್‌ಬರ್ಗ್‌ನಲ್ಲಿ ಮೂರನೆಯ ಒಂದು ಪಾಲನ್ನೂ, ಎಷ್ಟೋ ಒಳ್ಳೆಯ ದಳಪತಿಗಳನ್ನೂ ಕಳೆದುಕೊಂಡಿದ್ದ ಲೀ. ಆ ಪಾಲು ಕೈಯಲ್ಲೇ ಇದ್ದು, ಆ ದಳಪತಿಗಳು ಬದುಕಿದ್ದರೆ ಗ್ರಾಂಟ್ ವರ್ಜೀನಿಯಾದ ಪೀಟರ್ಸ್‌ಬರ್ಗ್ ಊರನ್ನು ಮುಟ್ಟುತ್ತಿದ್ದನೇ, ಹೇಳಿ.